ಹಳೆಯ ನಾಣ್ಯಕ್ಕೆ ಅಂಗೈ ತಕ್ಕಡಿ: ಗುಜರಿ ಬೆಲೆ ತಿಳಿಯಲು ಎಷ್ಟರಮಟ್ಟಿಗೆ ಸಾಕು?

ಇನ್ನೂರು ಗ್ರಾಂವರೆಗೆ ತೂಗುವ, 0.01 ಗ್ರಾಂ ವ್ಯತ್ಯಾಸವನ್ನೂ ತೋರಿಸುವ ಅಂಗೈಯಗಲದ ಡಿಜಿಟಲ್ ತಕ್ಕಡಿಗಳು ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತವೆ. ಮೇಲ್ಕವಚದ ಬಣ್ಣ, ಗುಂಡಿಗಳ ಜಾಗ ಬೇರೆಯಾದರೂ ಒಳಗೆ ಭಾರವನ್ನು ಅಳೆಯುವ ಲೋಡ್ ಸೆಲ್ಲೂ ಅದರ ನಡವಳಿಕೆಯೂ ಬಹುಮಟ್ಟಿಗೆ ಒಂದೇ. ನಾನು ಬಹುಕಾಲದಿಂದ ಬಳಸುತ್ತಿರುವುದು ಅಂಥದೇ ಒಂದು ತಕ್ಕಡಿ. ಅದರ ಜೊತೆಗೆ ನೂರು ಗ್ರಾಮಿನ ತೂಕದ ಬಟ್ಟು, ಅಗಲ ಅಳೆಯುವ ಪ್ಲಾಸ್ಟಿಕ್ ಕ್ಯಾಲಿಪರ್ ಮತ್ತು ಬಿಲ್ಲೆಯಾಕಾರದ ಒಂದು ನಿಯೋಡಿಮಿಯಮ್ ಅಯಸ್ಕಾಂತ ಒಂದೇ ಪೆಟ್ಟಿಗೆಯಲ್ಲಿ ಬಂದಿದ್ದವು. ಹಳೆಯ ನಾಣ್ಯವನ್ನು ಕೊಳ್ಳುವಾಗ ಅಥವಾ ಮಾರುವಾಗ ಅದರೊಳಗಿನ ಲೋಹಕ್ಕೆ ಎಷ್ಟು ಬೆಲೆ ಬರಬಹುದೆಂದು ತಿಳಿಯುವ ಕೆಲಸಕ್ಕೆ ಈ ಪೆಟ್ಟಿಗೆ ಎಷ್ಟು ಒದಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ಸುಳ್ಳು ನಾಣ್ಯವನ್ನು ತಳ್ಳಿಹಾಕುವುದರಲ್ಲಿ ಈ ತಕ್ಕಡಿ ಬಹಳ ಗಟ್ಟಿ, ನಾಣ್ಯ ಅಸಲಿ ಎಂದು ಖಾತರಿ ಕೊಡುವುದರಲ್ಲಿ ಮಾತ್ರ ದುರ್ಬಲ. ಈ ಎರಡರ ನಡುವಿನ ಅಂತರ ಗೊತ್ತಿಲ್ಲದೆ ಕೊಂಡವರು ಕೆಲವು ದಿನಗಳಲ್ಲೇ ಅದನ್ನು ಮೂಲೆಗೆ ಸೇರಿಸುತ್ತಾರೆ.

ಗುಜರಿ ಬೆಲೆಯ ಲೆಕ್ಕ ನೋಡುವುದಕ್ಕೆ ಸರಳ. ನಾಣ್ಯದ ತೂಕವನ್ನು ಅದರ ಪರಿಶುದ್ಧತೆಯಿಂದ ಗುಣಿಸಿದರೆ ಅಪ್ಪಟ ಲೋಹ ಎಷ್ಟೆಂದು ಬರುತ್ತದೆ. ಅದನ್ನು ಅಂದಿನ ದರದಿಂದ ಗುಣಿಸಿದರೆ ಬೆಲೆ. ಬ್ರಿಟಿಷ್ ಕಾಲದ ಭಾರತದ ಬೆಳ್ಳಿ ರೂಪಾಯಿಯನ್ನೇ ತೆಗೆದುಕೊಳ್ಳೋಣ. ಅದರ ನಿಗದಿತ ತೂಕ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ, 11.66 ಗ್ರಾಂ. ಅದರಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಬೆಳ್ಳಿ ಇದ್ದುದರಿಂದ ಅಪ್ಪಟ ಬೆಳ್ಳಿ ಸುಮಾರು 10.69 ಗ್ರಾಂ. ಈ ಗುಣಾಕಾರದಲ್ಲಿ ತಕ್ಕಡಿ ಕೊಡುವುದು ಒಂದೇ ಒಂದು ಸಂಖ್ಯೆಯನ್ನು. ಪರಿಶುದ್ಧತೆಯನ್ನು ನಾಣ್ಯದ ಮುಖದಿಂದ ಓದಿಕೊಳ್ಳಬೇಕು, ದರವನ್ನು ಮಾರುಕಟ್ಟೆಯಿಂದ ಕೇಳಿಕೊಳ್ಳಬೇಕು. ತಕ್ಕಡಿಯ ಮೇಲೆ ಗ್ರಾಂ, ಔನ್ಸ್, ಟ್ರಾಯ್ ಔನ್ಸ್, ಪೆನ್ನಿವೇಟ್, ಕ್ಯಾರೆಟ್, ಗ್ರೇನ್ ಎಂದು ಮಾನಗಳನ್ನು ಬದಲಿಸುವ ಒಂದು ಗುಂಡಿ ಇರುತ್ತದೆ. ಇದು ಸೌಲಭ್ಯಕ್ಕಿಂತ ಹೆಚ್ಚಾಗಿ ಅಪಾಯ ಎಂದು ನನ್ನ ಅಭಿಪ್ರಾಯ. ಬೆಳ್ಳಿ ಬಂಗಾರದ ಅಂತರರಾಷ್ಟ್ರೀಯ ದರವನ್ನು ಹೇಳುವುದು 31.1035 ಗ್ರಾಮಿನ ಟ್ರಾಯ್ ಔನ್ಸಿನಲ್ಲಿ. ಸಾಮಾನ್ಯ ಔನ್ಸ್ ಎಂದರೆ 28.35 ಗ್ರಾಂ. ಪರದೆಯ ಮೇಲೆ ಎರಡೂ ಒಂದೇ ಬಗೆಯ ಪುಟ್ಟ ಅಕ್ಷರಗಳಲ್ಲಿ ಕಾಣುವುದರಿಂದ ಗಮನ ತಪ್ಪಿದರೆ ಲೆಕ್ಕ ಶೇ. 10ರ ಆಸುಪಾಸಿನಲ್ಲಿ ಕೆಡುತ್ತದೆ. ಯಂತ್ರವನ್ನು ಗ್ರಾಮಿನಲ್ಲಿ ನಿಲ್ಲಿಸಿ ಆ ಗುಂಡಿಯನ್ನು ಮರೆತುಬಿಡುವುದು ಒಳ್ಳೆಯದು.

ತೂಕ ಸರಿಯಿದ್ದರೆ ಸಾಕು, ಬೆಳ್ಳಿಯೂ ಸರಿಯಿದ್ದಂತೆ ಎಂದು ನಂಬುವವರು ಬಹಳ ಜನ. ಚಲಾವಣೆಯ ನಾಣ್ಯಗಳ ಚರಿತ್ರೆ ಈ ನಂಬಿಕೆಗೆ ಎಲ್ಲಿಯೂ ಆಸರೆ ಕೊಡುವುದಿಲ್ಲ. ಬ್ರಿಟನ್ನಿನ ಶಿಲಿಂಗ್ 5.66 ಗ್ರಾಂ ತೂಗುತ್ತಿತ್ತು, ಶೇ. 92.5 ಬೆಳ್ಳಿ. 1920ರಲ್ಲಿ ಬೆಳ್ಳಿಯ ಪ್ರಮಾಣವನ್ನು ಶೇ. 50ಕ್ಕೆ ಇಳಿಸಿದಾಗ ತೂಕವನ್ನೂ ಅಗಲವನ್ನೂ ಬದಲಿಸಲಿಲ್ಲ. 1947ರಿಂದ ಬೆಳ್ಳಿಯನ್ನೇ ತೆಗೆದುಹಾಕಿ ತಾಮ್ರ ಮತ್ತು ನಿಕಲ್ ಬೆರಕೆಗೆ ಇಳಿದಾಗಲೂ ತೂಕ ಅದೇ ಉಳಿಯಿತು. ಭಾರತದ ರೂಪಾಯಿಯ ಕಥೆಯೂ ಅಂಥದೇ: 1940ರಿಂದ ಅರ್ಧ ಬೆಳ್ಳಿಯ ಮಿಶ್ರಲೋಹ ಬಂತು, ತೂಕ ಮಾತ್ರ ಹಳೆಯ ಒಂದು ತೊಲವೇ. ಹೊಸ ರೂಪಾಯಿಯ ಅಂಚಿನ ಹಲ್ಲುಗಳ ನಡುವೆ ಸುತ್ತಲೂ ಒಂದು ತೋಡನ್ನು ಕೊರೆದಿದ್ದರಿಂದ ಬೆರಳಿಗೆ ವ್ಯತ್ಯಾಸ ಸಿಗುತ್ತದೆ, ತಕ್ಕಡಿಗೆ ಸಿಗುವುದಿಲ್ಲ. ಇನ್ನೂ ಮೋಜಿನ ಉದಾಹರಣೆ ಅಮೆರಿಕದ ಐದು ಸೆಂಟಿನ ನಾಣ್ಯ. ಎರಡನೆಯ ಮಹಾಯುದ್ಧದಲ್ಲಿ ನಿಕಲ್ ಬೇಕಾಗಿ ಬಂದು 1942ರ ನಡುವಿನಿಂದ 1945ರವರೆಗೆ ಶೇ. 56 ತಾಮ್ರ, ಶೇ. 35 ಬೆಳ್ಳಿ, ಶೇ. 9 ಮ್ಯಾಂಗನೀಸ್ ಬೆರೆಸಿ ಅದನ್ನು ಮುದ್ರಿಸಿದರು; ಯುದ್ಧಕ್ಕೆ ಮೊದಲು 5 ಗ್ರಾಂ, ಯುದ್ಧದಲ್ಲಿಯೂ 5 ಗ್ರಾಂ. ಬೆಳ್ಳಿಯ ಗುರುತು ಇರುವುದು ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ದೊಡ್ಡದಾಗಿ ಒತ್ತಿದ ಟಂಕಸಾಲೆಯ ಅಕ್ಷರದಲ್ಲಿ. 1.75 ಗ್ರಾಂ ಬೆಳ್ಳಿ ಇದೆಯೋ ಇಲ್ಲವೋ ಎಂಬುದನ್ನು ಒಂದು ಅಕ್ಷರ ಹೇಳುತ್ತದೆ, ಯಂತ್ರ ಹೇಳುವುದಿಲ್ಲ.

ಇದಕ್ಕೆ ವಿರುದ್ಧವಾಗಿ, ಇಸವಿ ಸೋತಲ್ಲಿ ತಕ್ಕಡಿ ಗೆಲ್ಲುವ ಸಂದರ್ಭಗಳೂ ಇವೆ, ಮತ್ತು ಕೊಟ್ಟ ಹಣ ಸಾರ್ಥಕವಾಯಿತೆಂದು ನನಗೆ ಅನ್ನಿಸುವುದು ಅಂಥ ಕಡೆಗಳಲ್ಲೇ. ಅಮೆರಿಕದ ಒಂದು ಸೆಂಟ್ 1982ರವರೆಗೆ ಶೇ. 95 ತಾಮ್ರದ್ದಾಗಿತ್ತು, 3.11 ಗ್ರಾಂ ತೂಗುತ್ತಿತ್ತು. ಅದೇ ವರ್ಷದ ನಡುವೆ ತಾಮ್ರದ ತೆಳು ಲೇಪನವುಳ್ಳ ಸತುವಿಗೆ ಬದಲಾಗಿ 2.50 ಗ್ರಾಮಿಗೆ ಇಳಿಯಿತು. ಹೀಗಾಗಿ 1982 ಎಂಬ ಇಸವಿಯಿಂದ ಲೋಹ ಯಾವುದೆಂದು ತಿಳಿಯುವುದಿಲ್ಲ, ಬಣ್ಣದಿಂದಲೂ ತಿಳಿಯುವುದಿಲ್ಲ. ತಟ್ಟೆಯ ಮೇಲಿಟ್ಟ ಕ್ಷಣಕ್ಕೆ ತಿಳಿಯುತ್ತದೆ. 1943ರ ಸೆಂಟಿಗಂತೂ ತಕ್ಕಡಿ ಮತ್ತು ಅಯಸ್ಕಾಂತ ಎರಡೂ ಬೇಕು. ಆ ವರ್ಷದ್ದು ಸತು ಲೇಪಿಸಿದ ಉಕ್ಕಿನ ನಾಣ್ಯ, ಸುಮಾರು 2.7 ಗ್ರಾಂ, ಕೈತಪ್ಪಿ ತಾಮ್ರದ ಬಿಲ್ಲೆಯ ಮೇಲೆ ಮುದ್ರಣಗೊಂಡ ಕೆಲವು ತೀರ ಅಪರೂಪದವು. ಉಕ್ಕಿನ ಸೆಂಟಿಗೆ ತಾಮ್ರ ಬಳಿದು ಮಾಡಿದ ನಕಲನ್ನು ಅಯಸ್ಕಾಂತ ಹಿಡಿಯುತ್ತದೆ, ತೂಕವೂ ಹಿಡಿಯುತ್ತದೆ. ಆದರೆ 1948ರ ತಾಮ್ರದ ಸೆಂಟಿನ ಕೊನೆಯ ಅಂಕಿಯನ್ನು ಅರೆದು ಮೂರು ಮಾಡಿದ ನಕಲು ಈ ಎರಡು ಪರೀಕ್ಷೆಗಳನ್ನೂ ನಿಶ್ಚಿಂತೆಯಿಂದ ದಾಟಿಹೋಗುತ್ತದೆ, ಏಕೆಂದರೆ ಅದರ ಲೋಹದಲ್ಲಿ ಸುಳ್ಳೇನೂ ಇಲ್ಲ.

ಇನ್ನು ಯಂತ್ರದ ನಡವಳಿಕೆ. ಆನ್ ಮಾಡಿದ ತಕ್ಷಣ ಬರುವ ಮೊದಲ ಅಂಕಿಯನ್ನು ನಂಬಬಾರದು. ಒಂದೆರಡು ನಿಮಿಷ ಬಿಟ್ಟು ಸೊನ್ನೆ ಮಾಡಿಕೊಂಡರೆ ಓದು ನಿಲ್ಲುತ್ತದೆ. ಮೇಜು ಸಮತಟ್ಟಾಗಿರಬೇಕು, ಫ್ಯಾನ್ ನಿಲ್ಲಿಸಿರಬೇಕು. ಗಾಳಿ ತಟ್ಟೆಯ ಮೇಲೆ ಬೀಸುತ್ತಿದ್ದರೆ ಕೊನೆಯ ಅಂಕಿ ಎರಡು ಮೂರು ಮನೆ ಆಚೀಚೆ ಕುಣಿಯುತ್ತಲೇ ಇರುತ್ತದೆ. ಮೇಲಿನ ಪಾರದರ್ಶಕ ಮುಚ್ಚಳವನ್ನು ಹಾಕಿಯೇ ತೂಗಬಹುದಾದ ಮಾದರಿ ಸಿಕ್ಕರೆ ಅದನ್ನೇ ಆರಿಸಬೇಕು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ದೋಷ ಕೈಪಿಡಿಯಲ್ಲಿ ಇರುವುದಿಲ್ಲ. ಸೊನ್ನೆಯ ಆಸುಪಾಸಿನ ಸಣ್ಣ ಅಲುಗಾಟವನ್ನು ಮುಚ್ಚಿಡಲು ಈ ಯಂತ್ರಗಳು ತಾವಾಗಿಯೇ ಸೊನ್ನೆಗೆ ಮರಳುವ ಹಾಗೆ ರೂಪಿತವಾಗಿರುವುದರಿಂದ, ಅತಿ ಹಗುರವಾದ ಚೂರನ್ನು ಮೆಲ್ಲಗೆ ಇಟ್ಟರೆ ಅದರ ಒಂದು ಪಾಲನ್ನು ನುಂಗಿಬಿಡುತ್ತವೆ. 1.41 ಗ್ರಾಂ ತೂಗುವ ಮೂರು ಪೆನ್ಸಿನ ಬೆಳ್ಳಿ ನಾಣ್ಯದಂಥ ಪುಟಾಣಿಗಳಿಗೆ ನಾನು ಮೊದಲು ತಟ್ಟೆಯ ಮೇಲೆ ಬೇರೊಂದು ಭಾರವಾದ ನಾಣ್ಯವನ್ನು ಇಟ್ಟು, ಅದರ ತೂಕ ಬರೆದುಕೊಂಡು, ಆಮೇಲೆ ಪುಟಾಣಿಯನ್ನು ಸೇರಿಸಿ ವ್ಯತ್ಯಾಸವನ್ನು ಕಳೆಯುತ್ತೇನೆ. ಒಂದೇ ಬಗೆಯ ಹತ್ತು ನಾಣ್ಯಗಳಿದ್ದರೆ ಹತ್ತನ್ನೂ ಒಟ್ಟಿಗೆ ತೂಗಿ ಭಾಗಿಸುವುದು ಇನ್ನೂ ವಾಸಿ.

ಜೊತೆಗೆ ಬಂದ ನೂರು ಗ್ರಾಮಿನ ಬಟ್ಟಿನ ಮೇಲೆ ಯಾವ ದರ್ಜೆಯ ಗುರುತೂ ಇಲ್ಲ. ಅಂತರರಾಷ್ಟ್ರೀಯ ಮಾನದಂಡದ ಎಂ1 ದರ್ಜೆಯ ನೂರು ಗ್ರಾಮಿನ ಬಟ್ಟಾದರೆ ಹೆಚ್ಚುಕಡಿಮೆ 5 ಮಿಲಿಗ್ರಾಮಿನೊಳಗೆ ಸರಿಯಿರಲೇಬೇಕು, ಮತ್ತು ಈ ಯಂತ್ರದ ಅತಿ ಸಣ್ಣ ಅಳತೆಯೇ 10 ಮಿಲಿಗ್ರಾಂ ಆದ್ದರಿಂದ ಆ ದರ್ಜೆ ಧಾರಾಳವಾಗಿ ಸಾಕು. ದರ್ಜೆ ನಮೂದಿಸಿದ ಬಟ್ಟನ್ನು ಬೇರೆಯಾಗಿ ಕೊಳ್ಳುವುದು ಅನಾವಶ್ಯಕ ಖರ್ಚಲ್ಲ. ಹೊಸ ಚಲಾವಣೆಯ ನಾಣ್ಯವನ್ನೇ ಬಟ್ಟಾಗಿ ಬಳಸಿ ತಕ್ಕಡಿಯನ್ನು ಹೊಂದಿಸಬಹುದೆಂದು ಕೆಲವರು ಹೇಳುತ್ತಾರೆ. ಮೇಲೆ ಹೇಳಿದ ಐದು ಸೆಂಟಿನ ನಾಣ್ಯಕ್ಕೆ ಅಮೆರಿಕದ ಟಂಕಸಾಲೆ ಕೊಟ್ಟಿರುವ ರಿಯಾಯಿತಿಯೇ ಎರಡೂ ಬದಿಗೆ ಸುಮಾರು 0.19 ಗ್ರಾಂ ಎಂದ ಮೇಲೆ ಆ ಸಲಹೆಯನ್ನು ಪಾಲಿಸುವುದರಲ್ಲಿ ಅರ್ಥವಿಲ್ಲ.

ತೂಕ ಕಡಿಮೆ ಬಂದರೆ ನಾಣ್ಯ ಸುಳ್ಳು ಎಂದು ತೀರ್ಮಾನಿಸುವ ಅವಸರವೂ ಬೇಡ. ಕೈಯಿಂದ ಕೈಗೆ ದಶಕಗಳ ಕಾಲ ಓಡಾಡಿದ ನಾಣ್ಯ ಸವೆಯುತ್ತದೆ. ಈ ಸವೆತವನ್ನು ವ್ಯಾಪಾರಿಗಳು ಲೆಕ್ಕಕ್ಕೆ ಹಿಡಿಯುವ ಬಗೆಗೆ ಒಂದು ಪ್ರಸಿದ್ಧ ಉದಾಹರಣೆಯಿದೆ: 1964 ಮತ್ತು ಅದರ ಹಿಂದಿನ ಅಮೆರಿಕದ ಶೇ. 90 ಬೆಳ್ಳಿಯ ಹತ್ತು ಸೆಂಟ್, ಕಾಲು ಡಾಲರ್, ಅರ್ಧ ಡಾಲರ್ ನಾಣ್ಯಗಳಲ್ಲಿ ಒಟ್ಟು ಒಂದು ಡಾಲರ್ ಮುಖಬೆಲೆಗೆ ಹೊಸದಾಗಿದ್ದಾಗ 0.7234 ಟ್ರಾಯ್ ಔನ್ಸ್ ಬೆಳ್ಳಿ ಇರುತ್ತಿತ್ತು, ಆದರೆ ಸಗಟು ವ್ಯಾಪಾರದಲ್ಲಿ 0.715 ಎಂದೇ ಎಣಿಸುತ್ತಾರೆ. ಶೇ. 1ಕ್ಕಿಂತ ಸ್ವಲ್ಪ ಹೆಚ್ಚಿನ ಈ ಕಡಿತ ಸರಾಸರಿ ಸವೆತದ ಲೆಕ್ಕ. ಒಂದೊಂದು ನಾಣ್ಯವಾಗಿ ನೋಡಿದರೆ ಇದಕ್ಕಿಂತ ಹೆಚ್ಚು ಕಳೆದುಕೊಂಡವು ಎಷ್ಟೋ ಸಿಗುತ್ತವೆ. ಆದ್ದರಿಂದ ತೂಕವನ್ನು ನಾಣ್ಯದ ಮುಖದೊಂದಿಗೆ ಕೂಡಿಸಿ ಓದಬೇಕು. ರಾಜನ ಕೂದಲಿನ ಎಳೆಗಳು, ಕಿರೀಟದ ಹರಳುಗಳು ಮಾಸಿಹೋಗಿ ತೂಕ 11.4 ಗ್ರಾಮಿಗೆ ಇಳಿದ ರೂಪಾಯಿ ಸಹಜ. ಅಚ್ಚಿನ ಪ್ರತಿ ಗೆರೆಯೂ ಚೂಪಾಗಿದ್ದು ತೂಕ ಮಾತ್ರ 11.4 ಬಂದರೆ ಅದು ಅನುಮಾನಾಸ್ಪದ. ನಿಗದಿತ ತೂಕಕ್ಕಿಂತ ಕಣ್ಣಿಗೆ ಕಾಣುವಷ್ಟು ಹೆಚ್ಚು ತೂಗುವ ನಾಣ್ಯದ ಮೇಲೆ ಇನ್ನೂ ಹೆಚ್ಚಿನ ಅನುಮಾನ ಇರಬೇಕು, ಏಕೆಂದರೆ ಸವೆತದಿಂದ ಭಾರ ಕೂಡುವುದಿಲ್ಲ. ಅದು ಅಂಚಿನಲ್ಲಿ ಕೊಂಡಿ ಬೆಸೆದಿದ್ದ ಉಳಿಕೆಯಾಗಿರಬಹುದು, ಇಲ್ಲವೇ ಬೇರೆಯೇ ಲೋಹವಾಗಿರಬಹುದು.

ಈ ತಕ್ಕಡಿಯ ನಿಜವಾದ ಬೆಲೆ ಗೊತ್ತಾಗುವುದು ನೀರಿನ ಪರೀಕ್ಷೆಯಲ್ಲಿ. ಸಣ್ಣ ಲೋಟದಲ್ಲಿ ನೀರು ತುಂಬಿ ತಟ್ಟೆಯ ಮೇಲಿಟ್ಟು ಸೊನ್ನೆ ಮಾಡಿ, ತೆಳುವಾದ ದಾರಕ್ಕೆ ಕಟ್ಟಿದ ನಾಣ್ಯವನ್ನು ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿದರೆ, ಪರದೆಯ ಮೇಲೆ ಬರುವ ಗ್ರಾಂ ಸಂಖ್ಯೆಯೇ ನಾಣ್ಯದ ಗಾತ್ರ, ಘನ ಸೆಂಟಿಮೀಟರಿನಲ್ಲಿ. ಒಣ ತೂಕವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಬೆಳ್ಳಿಯ ಸಾಂದ್ರತೆ 10.49, ತಾಮ್ರದ್ದು 8.96, ಬೆರಕೆ ಹೆಚ್ಚಿದಷ್ಟೂ ಸಾಂದ್ರತೆ ತಾಮ್ರದ ಕಡೆಗೆ ಜಾರುತ್ತದೆ. ಒಂದು ತೊಲದ ರೂಪಾಯಿ ಹಳೆಯ ಬೆಳ್ಳಿಯದಾದರೆ ಪರದೆ 1.13ರ ಬಳಿ ನಿಲ್ಲುತ್ತದೆ, ಅರ್ಧ ಬೆಳ್ಳಿಯದಾದರೆ 1.21ರ ಬಳಿ, ಬೆಳ್ಳಿಯೇ ಇಲ್ಲದ ತಾಮ್ರ ನಿಕಲ್ ಬೆರಕೆಯ ನಕಲಾದರೆ 1.30ರ ಬಳಿ. ಬರಿಯ ತೂಕದಿಂದ ಬೇರ್ಪಡಿಸಲಾಗದ ಮೂರನ್ನು ಹೀಗೆ ಮನೆಯ ಮೇಜಿನ ಮೇಲೆಯೇ ಬೇರ್ಪಡಿಸಲು ಸಾಧ್ಯ ಎಂಬುದು ಸಣ್ಣ ಮಾತಲ್ಲ. ಅಕ್ಷರಗಳ ಸಂದಿನಲ್ಲಿ, ಅಂಚಿನ ಹಲ್ಲುಗಳಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡರೆ ಗಾತ್ರ ಹೆಚ್ಚು ಬಂದು ಒಳ್ಳೆಯ ನಾಣ್ಯವೂ ಕಳಪೆಯಾಗಿ ಕಾಣುತ್ತದೆ. ನೀರಿಗೆ ಪಾತ್ರೆ ತೊಳೆಯುವ ಸಾಬೂನಿನ ಒಂದು ಹನಿ ಬಿಟ್ಟರೆ ಗುಳ್ಳೆಗಳು ಬಿಟ್ಟುಕೊಳ್ಳುತ್ತವೆ.

ಆದರೆ ಮಿತಿಯನ್ನೂ ಹೇಳಬೇಕು. ರೂಪಾಯಿಯ ವಿಷಯದಲ್ಲಿ ಎರಡು ಬೆಳ್ಳಿ ಬೆರಕೆಗಳ ನಡುವೆ ಪರದೆಯ ಕೊನೆಯ ಸ್ಥಾನದಲ್ಲಿ ಎಂಟು ಅಂಕಿಗಳ ಅಂತರವಿದೆ, ಶಿಲಿಂಗಿನಲ್ಲಿ ನಾಲ್ಕು ಅಂಕಿಗಳ ಅಂತರ. ಮೂರು ಪೆನ್ಸಿನ ನಾಣ್ಯಕ್ಕೆ ಬರುವಷ್ಟರಲ್ಲಿ ಅದು ಒಂದೇ ಅಂಕಿಗೆ ಕುಗ್ಗಿ, ಯಂತ್ರದ ಸ್ವಂತ ಅಲುಗಾಟದಲ್ಲಿ ಕರಗಿಹೋಗುತ್ತದೆ. ಬಂಗಾರದ ವಿಷಯದಲ್ಲಿ ಇನ್ನೊಂದು ತೊಡಕು: ಟಂಗ್‌ಸ್ಟನ್ ಸಾಂದ್ರತೆ 19.25, ಅಪ್ಪಟ ಬಂಗಾರದ್ದು 19.32. ಅಪ್ಪಟ ಬಂಗಾರದ ಬಿಲ್ಲೆಯೊಳಗೆ ಟಂಗ್‌ಸ್ಟನ್ ತುಂಬಿದ್ದರೆ ಈ ಪರೀಕ್ಷೆಗೆ ಅದು ಕಾಣಿಸುವುದೇ ಇಲ್ಲ. ಯಂತ್ರ ತಾನೇ ಒಡ್ಡುವ ಕಿರಿಕಿರಿಗಳೂ ಇವೆ. ತಟ್ಟೆ ಚಿಕ್ಕದಾದ್ದರಿಂದ ಲೋಟದ ಬಾಯಿ ಪರದೆಯ ಮೇಲೆ ಚಾಚಿಕೊಂಡು ಅಂಕಿಗಳನ್ನು ಮರೆಮಾಡುತ್ತದೆ. ಒಂದು ನಿಮಿಷ ಗುಂಡಿ ಒತ್ತದಿದ್ದರೆ ಯಂತ್ರ ತಾನಾಗಿ ಆರುತ್ತದೆ, ಅದರೊಂದಿಗೆ ಮಾಡಿಟ್ಟ ಸೊನ್ನೆಯೂ ಹೋಗುತ್ತದೆ. ದಾರ ಹಿಡಿದು ಉಸಿರು ಬಿಗಿಹಿಡಿದು ನಿಂತಿರುವಾಗ ಪರದೆ ಕಪ್ಪಾಗುವುದು ತಯಾರಕರು ಸುಲಭವಾಗಿ ಸರಿಪಡಿಸಬಹುದಾಗಿದ್ದ ದೋಷ.

ಪೆಟ್ಟಿಗೆಯ ಉಳಿದ ಸಾಮಾನುಗಳಲ್ಲಿ ಅಯಸ್ಕಾಂತಕ್ಕೆ ಪೂರ್ಣ ಅಂಕ. ಬೆಳ್ಳಿ, ಬಂಗಾರ, ತಾಮ್ರ, ಕಂಚು ಯಾವುದೂ ಅದಕ್ಕೆ ಅಂಟುವುದಿಲ್ಲ. ಉಕ್ಕು ಮತ್ತು ಶುದ್ಧ ನಿಕಲ್ ಅಂಟುತ್ತವೆ. ಬೆಳ್ಳಿಯ ರೂಪಾಯಿಯ ನಂತರ 1946 ಮತ್ತು 1947ರಲ್ಲಿ ಬಂದ ನಿಕಲ್ ನಾಣ್ಯಗಳನ್ನು ಬೆಳ್ಳಿಯ ರಾಶಿಯಿಂದ ಹೆಕ್ಕುವುದಕ್ಕೆ ಇದಕ್ಕಿಂತ ಚುರುಕಾದ ಉಪಾಯವಿಲ್ಲ. ಬ್ರಿಟನ್ನಿನ ಒಂದು ಮತ್ತು ಎರಡು ಪೆನ್ಸುಗಳನ್ನು 1992ರಲ್ಲಿ ಕಂಚಿನಿಂದ ತಾಮ್ರಲೇಪಿತ ಉಕ್ಕಿಗೆ ಬದಲಿಸಿದ್ದೂ ಅಯಸ್ಕಾಂತಕ್ಕೆ ಒಡನೆಯೇ ತಿಳಿಯುತ್ತದೆ. ಅಯಸ್ಕಾಂತವನ್ನು ಓರೆಯಾಗಿ ಹಿಡಿದು ಅದರ ಮೇಲೆ ನಾಣ್ಯವನ್ನು ಜಾರಿಸಿದರೆ ಬೆಳ್ಳಿ ತಡೆತಡೆದು ಇಳಿಯುತ್ತದೆ, ತಾಮ್ರ ನಿಕಲ್ ಬೆರಕೆ ಸರ್ರನೆ ಜಾರುತ್ತದೆ. ಶುದ್ಧ ತಾಮ್ರವೂ ತಡೆದೇ ಇಳಿಯುವುದರಿಂದ ಬೆಳ್ಳಿ ಬಳಿದ ತಾಮ್ರದ ನಕಲನ್ನು ಮಾತ್ರ ಈ ಉಪಾಯದಿಂದ ಹಿಡಿಯಲಾಗದು. ಪ್ಲಾಸ್ಟಿಕ್ ಕ್ಯಾಲಿಪರ್ ಮಿಲಿಮೀಟರಿನ ಹತ್ತನೇ ಒಂದು ಭಾಗದವರೆಗೆ ಓದುತ್ತದೆ, ಅದಕ್ಕಿಂತ ನಿಖರತೆಯನ್ನು ಅದರಿಂದ ಕೇಳಬಾರದು. ಹಾಗಿದ್ದೂ ಬಂಗಾರದ ಸಾವರಿನ್ನಿನಂಥ ನಾಣ್ಯಕ್ಕೆ ಅಷ್ಟು ಸಾಕು: 22.05 ಮಿಲಿಮೀಟರ್ ಅಗಲ, 7.99 ಗ್ರಾಂ ತೂಕ ಎರಡೂ ಒಟ್ಟಿಗೆ ಹೊಂದಬೇಕಾದರೆ ಹಿತ್ತಾಳೆಯ ನಕಲು ಸುಮಾರು ಎರಡು ಪಟ್ಟು ದಪ್ಪವಾಗಬೇಕಾಗುತ್ತದೆ. ಲೋಹದ ದವಡೆಗಳು ಹೊಳಪಿನ ನಾಣ್ಯದ ಅಂಚಿಗೆ ಗೀರು ಹಾಕುವುದರಿಂದ ಇಲ್ಲಿ ಪ್ಲಾಸ್ಟಿಕ್ಕೇ ಮೇಲು.

ಕೆಲವು ಪೆಟ್ಟಿಗೆಗಳಲ್ಲಿ ಒರೆಗಲ್ಲು ಮತ್ತು ಆಮ್ಲದ ಸೀಸೆಯನ್ನೂ ಸೇರಿಸಿ ಕೊಡುತ್ತಾರೆ. ಬೆಳ್ಳಿಗೆ ಬಳಸುವ ಆಮ್ಲ ಒರೆಯ ಗೆರೆಯ ಮೇಲೆ ಕೆಂಪಗೆ ತಿರುಗುತ್ತದೆ ಎಂಬುದು ನಿಜ, ಒಡವೆಯ ಚೂರುಗಳಿಗೆ ಅದು ಸರಿಯಾದ ಪರೀಕ್ಷೆ ಎಂಬುದೂ ನಿಜ. ನಾಣ್ಯವನ್ನು ಕಲ್ಲಿಗೆ ಉಜ್ಜುವುದು ಮಾತ್ರ ಸಂಗ್ರಹಕಾರನ ಬೆಲೆಯನ್ನು ಕೈಯಾರೆ ಅಳಿಸಿದಂತೆ, ಮತ್ತು ಲೇಪನ ದಪ್ಪವಾಗಿದ್ದರೆ ಉಜ್ಜಿದ ಮೇಲೂ ಉತ್ತರ ತಪ್ಪಾಗಿರಬಹುದು. ತೂಗುವ ಮೊದಲು ನಾಣ್ಯವನ್ನು ತಿಕ್ಕಿ ಹೊಳೆಯಿಸುವುದೂ ಅಷ್ಟೇ ಕೆಟ್ಟ ಅಭ್ಯಾಸ.

ತಕ್ಕಡಿಯಿಂದ ಬಂದ ಲೆಕ್ಕವನ್ನು ಎಲ್ಲಿ ಬಳಸಬೇಕು ಎಂಬುದರ ಬಗ್ಗೆ ಎರಡು ಮಾತು. ಗುಜರಿ ಬೆಲೆ ಎಂಬುದು ನಾಣ್ಯದ ಬೆಲೆಯ ತಳ. ಕರಗಿಸುವವರು ಶೋಧನೆಯ ಖರ್ಚು ಮತ್ತು ತಮ್ಮ ಲಾಭವನ್ನು ಕಳೆದು ಕೊಡುವುದರಿಂದ ಕೈಗೆ ಬರುವುದು ಅದಕ್ಕಿಂತಲೂ ಕಡಿಮೆ. ಆಸ್ಟ್ರಿಯಾದ ರಾಣಿಯ ಹೆಸರಿನ, 1780 ಎಂಬ ಇಸವಿಯುಳ್ಳ ಮರಿಯಾ ತೆರೇಸಾ ಥಾಲರ್ ಈ ಲೆಕ್ಕಕ್ಕೆ ಅತ್ಯಂತ ಹೊಂದುವ ಬೆಳ್ಳಿ ನಾಣ್ಯ. ಆ ರಾಣಿ ತೀರಿಕೊಂಡದ್ದು 1780ರಲ್ಲಿ; ಆಮೇಲೆಯೂ ವಿಯೆನ್ನಾ, ರೋಮ್, ಲಂಡನ್, ಬಾಂಬೆ ಮುಂತಾದ ಟಂಕಸಾಲೆಗಳು ಅದೇ ಇಸವಿಯಲ್ಲಿ, ಅದೇ 28.07 ಗ್ರಾಂ ತೂಕ ಮತ್ತು ಆರರಲ್ಲಿ ಐದು ಪಾಲು ಬೆಳ್ಳಿಯಲ್ಲಿ ಅದನ್ನು ಮುದ್ರಿಸಿದವು. ಯಾವ ಟಂಕಸಾಲೆಯದು ಎಂದು ತಿಳಿಯದಿದ್ದರೂ 23.4 ಗ್ರಾಂ ಬೆಳ್ಳಿಯ ಲೆಕ್ಕ ತಪ್ಪುವುದಿಲ್ಲ. ಆದರೆ ಕೊಳ್ಳುವವನು ಇಸವಿಯನ್ನೂ ಟಂಕಸಾಲೆಯ ಗುರುತನ್ನೂ ನೋಡದೆ ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದು ಒಟ್ಟು ತೂಕ ಕೇಳಿದರೆ ಅಲ್ಲಿ ಮಾರಬಾರದು. 1939ರ ರೂಪಾಯಿ ಅಪರೂಪದ್ದು, ಅದನ್ನು 1919ರ ರೂಪಾಯಿಯ ಜೊತೆಗೆ ತೊಲದ ಲೆಕ್ಕದಲ್ಲಿ ಕೊಡುವುದು ದುಡ್ಡನ್ನು ಚೆಲ್ಲಿದಂತೆಯೇ. ಕಾನೂನಿನ ಕಡೆಗೂ ಗಮನವಿರಬೇಕು. ಅಮೆರಿಕ ತನ್ನ ಒಂದು ಮತ್ತು ಐದು ಸೆಂಟುಗಳನ್ನು ಕರಗಿಸುವುದನ್ನು 2006ರಲ್ಲಿ ನಿಷೇಧಿಸಿತು, ಬ್ರಿಟನ್ನಿನ 1971ರ ಕಾಯ್ದೆಯೂ ಭಾರತದ 2011ರ ನಾಣ್ಯ ಕಾಯ್ದೆಯೂ ನಾಣ್ಯ ಕರಗಿಸುವುದನ್ನು ನಿರ್ಬಂಧಿಸುತ್ತವೆ. ತಾಮ್ರದ ಸೆಂಟಿನ ಲೋಹಕ್ಕೆ ಮುಖಬೆಲೆಗಿಂತ ಹೆಚ್ಚು ಬೆಲೆ ಎಂಬ ಲೆಕ್ಕ ಕಾಗದದ ಮೇಲೆಯೇ ಉಳಿಯುವುದು ಇದೇ ಕಾರಣಕ್ಕೆ.

ಯಾವುದನ್ನು ಕೊಳ್ಳಬೇಕೆಂದು ಕೇಳುವವರಿಗೆ ನನ್ನ ಶಿಫಾರಸು 200 ಗ್ರಾಂ ಮಿತಿಯ, 0.01 ಗ್ರಾಂ ಅಳತೆಯ ಮಾದರಿಯೇ. 0.001 ಗ್ರಾಂ ತೋರಿಸುವ ತಕ್ಕಡಿಗಳು ಪುಟಾಣಿ ನಾಣ್ಯಗಳ ನೀರಿನ ಪರೀಕ್ಷೆಗೆ ನಿಜಕ್ಕೂ ಉತ್ತಮ. ಆದರೆ ಅವುಗಳಲ್ಲಿ ಹಲವದರ ಮಿತಿ 20 ಗ್ರಾಂ, 28.28 ಗ್ರಾಂ ತೂಗುವ ಬ್ರಿಟನ್ನಿನ ಕ್ರೌನ್ ನಾಣ್ಯವನ್ನೇ ಅವು ತೂಗಲಾರವು, ನೀರಿನ ಲೋಟವಂತೂ ದೂರದ ಮಾತು. ಕೊಳ್ಳುವಾಗ ತಾನಾಗಿ ಆರುವುದನ್ನು ನಿಲ್ಲಿಸುವ ಅವಕಾಶವಿದೆಯೇ, ಮುಚ್ಚಳ ಹಾಕಿ ತೂಗಬಹುದೇ, ಬಟ್ಟಿನಿಂದ ಹೊಂದಿಸುವ ಕ್ರಮ ಕೈಪಿಡಿಯಲ್ಲಿ ಇದೆಯೇ ಎಂಬ ಮೂರನ್ನು ನೋಡಿಕೊಂಡರೆ ಹೆಸರು ಯಾವುದಾದರೂ ವ್ಯತ್ಯಾಸವಿಲ್ಲ. ಬ್ಯಾಟರಿ ಇಳಿದಾಗ ಓದು ಮೆಲ್ಲಗೆ ಹಾದಿತಪ್ಪುತ್ತದೆಯಾದ್ದರಿಂದ ಪರದೆಯ ಮೇಲೆ ಬ್ಯಾಟರಿಯ ಗುರುತು ಮಿನುಗಿದ ಕೂಡಲೇ ತೂಗುವುದನ್ನು ನಿಲ್ಲಿಸಿ, ಹೊಸದನ್ನು ಹಾಕಿ, ನೂರು ಗ್ರಾಮಿನ ಬಟ್ಟಿನಿಂದ ಮತ್ತೊಮ್ಮೆ ಹೊಂದಿಸಿಕೊಂಡೇ ಮುಂದಿನ ನಾಣ್ಯವನ್ನು ತಟ್ಟೆಗೆ ಇಡಬೇಕು.